ನಮೂನೆ ೯-ಸಿಯಲ್ಲಿ ಎದುರಾಳಿಯ ಹೆಸರನ್ನು ಪೂರ್ಣವಾಗಿ ಬರೆಯುವ ಕುರಿತು

ಪ್ರೇರಿ ಎಂಟು ಕಾಲೇಜುಗಳ ಫುಟ್‌ಬಾಲ್ ಒಕ್ಕೂಟ
(ಸದಸ್ಯ ಕಾಲೇಜುಗಳು: ಹತ್ತೊಂಬತ್ತು)
ವೇಳಾಪಟ್ಟಿ ಹಾಗೂ ಹಗೆತನ ಸಂರಕ್ಷಣಾ ಶಾಖೆ, ಒಮಾಹಾ

ಸಂಖ್ಯೆ: ಪ್ರೇಎಂಒ/ವೇಹಸಂ/೯-ಸಿ/೪೧/೨೦೨೪
ದಿನಾಂಕ: ೧೭ ಜೂನ್ ೨೦೨೪

ಸುತ್ತೋಲೆ

ವಿಷಯ: ಲಿಟಲ್ ಸಿಕಾಮೋರ್ ನದಿಯ ಎರಡು ದಂಡೆಗಳ ಕಾಲೇಜುಗಳ ನಡುವಿನ ನೂರಹದಿಮೂರು ವರ್ಷಗಳ ಹಗೆತನವನ್ನು ಹೊಸ ವೇಳಾಪಟ್ಟಿಯಲ್ಲಿ ಉಳಿಸಿಕೊಳ್ಳುವ ಬಗ್ಗೆ.

ಉಲ್ಲೇಖ:
೧. ಈ ಶಾಖೆಯ ಸುತ್ತೋಲೆ, "ಹೊಸ ಎದುರಾಳಿಯನ್ನು ದ್ವೇಷಿಸುವ ಕ್ರಮಬದ್ಧ ವಿಧಾನ", ದಿ. ೨೨ ಏಪ್ರಿಲ್.
೨. ಡೆನ್ಬೋ ಕಾಲೇಜಿನ ಮೈದಾನಪಾಲಕ ಶ್ರೀ ಆರ್ವಿಲ್ ಟೆಸ್ಕೆ ಅವರ ಮನವಿ, ದಿ. ೨೪ ಏಪ್ರಿಲ್ (ಬಿತ್ತನೆ ಬೀಜದ ಅಂಗಡಿಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದದ್ದು).
೩. ಟ್ರೂಸ್ಡೇಲ್ ಕಾಲೇಜಿನ ಮೈದಾನಪಾಲಕಿ ಶ್ರೀಮತಿ ಲೋರ್ನಾ ಬ್ರಾಂಡ್‌ವೋಲ್ಡ್ ಅವರ ಮನವಿ, ಅದೇ ದಿನಾಂಕ, ಹೆಚ್ಚುಕಡಿಮೆ ಅದೇ ಒಕ್ಕಣೆ (ಇಬ್ಬರೂ ಪರಸ್ಪರ ಮಾತಾಡಿಲ್ಲವೆಂದು ಪ್ರಮಾಣ ಮಾಡಿರುತ್ತಾರೆ).

ಪ್ರಸ್ತಾವನೆ:

ಒಕ್ಕೂಟಕ್ಕೆ ಕಳೆದ ವರ್ಷ ಎರಡೂ ಕರಾವಳಿಗಳಿಂದ ಏಳು ಹೊಸ ಕಾಲೇಜುಗಳು ಬಂದು ಸೇರಿದ್ದು, ಟೆಲಿವಿಷನ್ನಿನವರಿಗೆ ಅನುಕೂಲವಾಗುವಂತೆ ವೇಳಾಪಟ್ಟಿಯನ್ನು ಹೊಸದಾಗಿ ರಚಿಸಲಾಗಿರುವುದು ಸರಿಯಷ್ಟೆ. ಎಲ್ಲರೂ ಎಲ್ಲರೊಡನೆ ಆಡಲು ವರ್ಷದಲ್ಲಿ ಶನಿವಾರಗಳು ಸಾಲುವುದಿಲ್ಲ. ಆದ ಕಾರಣ, ಪ್ರತಿ ಕಾಲೇಜೂ ತನಗೆ ಕಂಡರಾಗದ ಒಂದೇ ಒಂದು ಕಾಲೇಜಿನ ಹೆಸರನ್ನು ನಮೂನೆ ೯-ಬಿಯಲ್ಲಿ ಬರೆದು ಕಳುಹಿಸತಕ್ಕದ್ದೆಂದೂ, ಆ ಒಂದು ಕಾಲೇಜಿನೊಡನೆ ಪ್ರತಿವರ್ಷ ಆಡುವ ಹಕ್ಕನ್ನು ಕಾಯ್ದಿರಿಸಲಾಗುವುದೆಂದೂ ತಿಳಿಸಲಾಗಿತ್ತು.

ಪಶ್ಚಿಮ ದಂಡೆಯ ಡೆನ್ಬೋ ಕಾಲೇಜಿನ ಪರವಾಗಿ ಈ ನಮೂನೆಯನ್ನು ತುಂಬುವ ಅಧಿಕಾರ ಸದರಿ ಶ್ರೀ ಟೆಸ್ಕೆ ಅವರದು. ೧೯೨೬ರಲ್ಲಿ ಎರಡೂ ಕಾಲೇಜುಗಳ ಅಧ್ಯಕ್ಷರು ಸೇತುವೆಯ ಮೇಲೆ ಕೈಕೈ ಮಿಲಾಯಿಸಿ, ಒಬ್ಬರ ಟೋಪಿಯೂ ಇನ್ನೊಬ್ಬರ ಕಟ್ಟಿಸಿದ ಹಲ್ಲೂ ನದಿಪಾಲಾದಂದಿನಿಂದ ಈ ಪಂದ್ಯದ ವ್ಯವಹಾರವೆಲ್ಲ ಮೈದಾನಪಾಲಕರ ಕೈಗೆ ಬಂದಿದೆ. ಶ್ರೀ ಟೆಸ್ಕೆ ಅವರಿಗೆ ಅರವತ್ತಾರು ವರ್ಷ. ನಲವತ್ತೆರಡು ವರ್ಷಗಳಿಂದ ಹುಲ್ಲು ಕತ್ತರಿಸಿ, ಸುಣ್ಣದ ಗೆರೆ ಎಳೆದು, ಈ ಪಂದ್ಯದ ಪಾರಿತೋಷಕವಾದ, ಎರಡು ಕಡೆ ತಗ್ಗುಬಿದ್ದ ಹಾಲಿನ ಕ್ಯಾನನ್ನು ಕಾಯುತ್ತ ಬಂದವರು. ನಮೂನೆಯಲ್ಲಿ ಎದುರಾಳಿಯ ಹೆಸರು ಕೇಳಿದ ಜಾಗದಲ್ಲಿ ಅವರು "ಆಚೆ ದಂಡೆಯವರು" ಎಂದು ಬರೆದು, ಸಹಿ ಹಾಕಿ, ಗಡುವಿಗೆ ಹನ್ನೆರಡು ದಿನ ಮುಂಚೆಯೇ ಕಳುಹಿಸಿದರು.

ಪೂರ್ವ ದಂಡೆಯ ಟ್ರೂಸ್ಡೇಲ್ ಕಾಲೇಜಿನಿಂದ ಬಂದ ನಮೂನೆಯಲ್ಲೂ "ಆಚೆ ದಂಡೆಯವರು" ಎಂದೇ ಇತ್ತು.

ಆ ಎರಡು ಊರುಗಳಲ್ಲಿ ಒಬ್ಬರು ಇನ್ನೊಬ್ಬರ ಹೆಸರನ್ನು ಬಾಯಲ್ಲಿ ಹೇಳುವ ಅಥವಾ ಕೈಯಲ್ಲಿ ಬರೆಯುವ ಪದ್ಧತಿ ಇರುವುದಿಲ್ಲ. ಊರಿಗೂ ಕಾಲೇಜಿಗೂ ಒಂದೇ ಹೆಸರಾದ ಕಾರಣ ತೊಂದರೆ ಇಮ್ಮಡಿ. ಡೆನ್ಬೋದ ರೇಡಿಯೋದಲ್ಲಿ ಹವಾಮಾನ ಓದುವಾಕೆ "ನದಿಯಾಚೆಗೂ ಆಲಿಕಲ್ಲು, ಸದ್ಯ" ಎಂದು ಮುಗಿಸುತ್ತಾರೆ. ಟ್ರೂಸ್ಡೇಲ್ ಗ್ರಂಥಾಲಯದ ಜಿಲ್ಲಾ ನಕ್ಷೆಯಲ್ಲಿ ಡೆನ್ಬೋ ಇರಬೇಕಾದ ಜಾಗದಲ್ಲಿ ಗುಂಡಗೆ ಕತ್ತರಿಸಿದ ತೂತು ಇದೆ. ಇದನ್ನೆಲ್ಲ ಶಾಖೆಯ ಗಣಕಯಂತ್ರಕ್ಕೆ ಯಾರೂ ತಿಳಿಸಿರಲಿಲ್ಲ. "ಆಚೆ ದಂಡೆಯವರು" ಎಂಬ ಕಾಲೇಜು ಪಟ್ಟಿಯಲ್ಲಿ ಸಿಗದೆ, ಅದು ಅಳಿದುಳಿದ ಹೆಸರುಗಳನ್ನೇ ಹಂಚಿತು. ಡೆನ್ಬೋಗೆ ಪಶ್ಚಿಮ ಕರಾವಳಿಯ ಸಾಲ್ಟ್ ಹಾರ್ಬರ್ ವಿಶ್ವವಿದ್ಯಾಲಯವನ್ನೂ (೧,೭೪೦ ಮೈಲಿ), ಟ್ರೂಸ್ಡೇಲ್‌ಗೆ ಫ್ಲೋರಿಡಾದ ಪೆಲಿಕನ್ ಪಾಯಿಂಟ್ ಕಾಲೇಜನ್ನೂ (೧,೪೯೦ ಮೈಲಿ) ಪರಂಪರಾಗತ ಶತ್ರುಗಳೆಂದು ನಿಗದಿಪಡಿಸಲಾಯಿತು. ನೂರಹದಿಮೂರು ವರ್ಷಗಳ ಪಂದ್ಯ ಪಟ್ಟಿಯಿಂದ ಬಿದ್ದುಹೋಯಿತು.

ಈ ಹಿಂದಿನ ಕ್ರಮಗಳು ಮತ್ತು ಅವುಗಳ ಫಲಿತಾಂಶ:

ಉಲ್ಲೇಖ (೧)ರ ಸುತ್ತೋಲೆಯ ಮೂಲಕ ಎರಡೂ ಊರುಗಳಿಗೆ ಈ ಕೆಳಕಂಡಂತೆ ಸೂಚಿಸಲಾಗಿತ್ತು.

(ಅ) ಪ್ರತಿಯೊಬ್ಬ ಅಭಿಮಾನಿಯೂ ಹೊಸ ಎದುರಾಳಿಯನ್ನು ದಿನಕ್ಕೆ ಇಪ್ಪತ್ತು ನಿಮಿಷ, ರಾತ್ರಿಯೂಟಕ್ಕೆ ಮೊದಲು ದ್ವೇಷಿಸತಕ್ಕದ್ದು. ಹೃದ್ರೋಗಿಗಳಿಗೆ ಹತ್ತು ನಿಮಿಷ ಸಾಕು.

(ಆ) ಹೊಸ ಮೂದಲಿಕೆಗಳನ್ನು ಎರಡು ಪ್ರತಿಗಳಲ್ಲಿ ಸಲ್ಲಿಸಿ ಶಾಖೆಯ ಅನುಮೋದನೆ ಪಡೆಯತಕ್ಕದ್ದು. ಏಳು ವಾರಗಳಲ್ಲಿ ಡೆನ್ಬೋದಿಂದ ಬಂದ ಒಂದೇ ಮೂದಲಿಕೆ, "ಸಾಲ್ಟ್ ಹಾರ್ಬರಿನವರೇ, ನೀವು ತುಂಬಾ ದೂರ ಇದ್ದೀರಿ" ಎಂಬುದು. ವಾಸ್ತವಾಂಶ ಸರಿಯಿದ್ದುದರಿಂದ ಅನುಮೋದಿಸಲಾಯಿತು.

(ಇ) ಎದುರಾಳಿಯ ಲಾಂಛನದ ಪ್ರಾಣಿಯನ್ನು ಪಂದ್ಯದ ಹಿಂದಿನ ವಾರ ಕದ್ದು, ಬಣ್ಣ ಬಳಿದು, ಹಿಂತಿರುಗಿಸುವ ಪದ್ಧತಿ ಮುಂದುವರಿಯತಕ್ಕದ್ದು. ಡೆನ್ಬೋದವರಿಗೆ ಇದುವರೆಗೆ ಆ ಪ್ರಾಣಿ ಟ್ರೂಸ್ಡೇಲಿನ ಆಡು. ಇನ್ನು ಮುಂದೆ ಸಾಲ್ಟ್ ಹಾರ್ಬರಿನ ಕಡಲಸಿಂಹ. ಕದಿಯುವವರು ಹದಿನಾಲ್ಕು ದಿನ ಮುಂಚಿತವಾಗಿ ಅರ್ಜಿ ಹಾಕಿ, ಮೀನನ್ನು ತಾವೇ ಒಯ್ಯತಕ್ಕದ್ದು. ಅರ್ಜಿಗಳು ಬಂದಿರುವುದಿಲ್ಲ.

(ಈ) ಗಂಡ ಒಂದು ದಂಡೆ, ಹೆಂಡತಿ ಇನ್ನೊಂದು ದಂಡೆಯಾಗಿರುವ ಮನೆಗಳಲ್ಲಿ ಪಂದ್ಯದ ದಿನ ನಡುಮನೆಯ ನೆಲಕ್ಕೆ ಅಂಟುಪಟ್ಟಿ ಹಚ್ಚಿ ಗಡಿ ಮಾಡಿಕೊಳ್ಳುವುದನ್ನು ರದ್ದುಪಡಿಸಲಾಗಿದೆ. ಅಂಥ ದಂಪತಿಗಳು ಜಗಳಕ್ಕೆ ಬೇರೆ ವಿಷಯ ಹುಡುಕಿಕೊಂಡು ಶಾಖೆಗೆ ತಿಳಿಸತಕ್ಕದ್ದು. ಮುನ್ನೂರಹನ್ನೆರಡು ಮನೆಗಳಿಂದ ಉತ್ತರ ಬಂದಿದ್ದು, ವಿಷಯ ಸಿಕ್ಕಿದೆಯೆಂದೂ ಅದು ಶಾಖೆಗೆ ಸಂಬಂಧಪಟ್ಟಿದ್ದಲ್ಲವೆಂದೂ ತಿಳಿಸಿರುತ್ತಾರೆ.

(ಉ) ಪಂದ್ಯದ ಮರುದಿನ ಭಾನುವಾರ ಬೆಳಿಗ್ಗೆ, ಸೋತ ಕಡೆಯ ಮೈದಾನಪಾಲಕರು ಹಾಲಿನ ಕ್ಯಾನನ್ನು ಹೆಗಲ ಮೇಲೆ ಹೊತ್ತು, ನಡೆದು ಸೇತುವೆ ದಾಟಿ, ಗೆದ್ದ ಕಡೆಯ ಮೈದಾನಪಾಲಕರ ಮನೆಗೆ ಮುಟ್ಟಿಸುವುದೂ, ಅಲ್ಲಿ ಅವರಿಗೆ ಪ್ಯಾನ್‌ಕೇಕಿನ ನಾಷ್ಟಾ ಬಡಿಸುವುದೂ, ಆ ಹೊತ್ತಿನಲ್ಲಿ ಬಡಿಸುವವರಾಗಲಿ ತಿನ್ನುವವರಾಗಲಿ ಮಾತಾಡದಿರುವುದೂ ಸಂಪ್ರದಾಯ. ದೂರದ ಕಾರಣ ಇನ್ನು ಮುಂದೆ ಕ್ಯಾನನ್ನೂ ನಾಷ್ಟಾವನ್ನೂ ಪಾರ್ಸೆಲ್ ಮೂಲಕ ಕಳುಹಿಸತಕ್ಕದ್ದು. ಪ್ಯಾನ್‌ಕೇಕುಗಳು ಹನ್ನೊಂದು ದಿನಗಳೊಳಗೆ ತಲುಪತಕ್ಕದ್ದು. ಪಾರ್ಸೆಲ್ ಬಿಚ್ಚುವಾಗ ಮಾತಾಡಕೂಡದು.

ಈ ಕೊನೆಯ ಅಂಶವನ್ನು ಪ್ರಶ್ನಿಸಿ ಶ್ರೀ ಟೆಸ್ಕೆ ಮನವಿ ಸಲ್ಲಿಸಿದ್ದರಿಂದ, ಶಾಖೆಯ ಪರಿಶೀಲಕರು ಮೇ ೨೯ರಂದು ಡೆನ್ಬೋಗೆ ತೆರಳಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ನಿಂತು ಅವರ ಹೇಳಿಕೆಯನ್ನು ಪಡೆದರು. ಯಂತ್ರವನ್ನು ನಿಲ್ಲಿಸುವಂತೆ ಮೂರು ಸಲ ಕೋರಬೇಕಾಯಿತು. ಹೇಳಿಕೆಯ ಯಥಾಪ್ರತಿ:

"ನೋಡಿ ಸಾಹೇಬ್ರೆ, ಎಂಬತ್ತೆರಡನೇ ಇಸ್ವಿ, ನಾನು ಕೆಲಸಕ್ಕೆ ಸೇರಿದ ವರ್ಷವೇ ನಾವು ಸೋತ್ವಿ. ಕ್ಯಾನ್ ಹೊತ್ಕೊಂಡು ಸೇತುವೆ ದಾಟ್ದೆ. ಆಗ ಆಚೆ ಮೈದಾನ ನೋಡ್ಕೋತಿದ್ದೋನು ಲೋರ್ನಾಳ ಅಪ್ಪ. ಮುದುಕ ನನ್ನನ್ನೇ ಗುರಾಯಿಸ್ಕೊಂಡು ಕೂತಿದ್ದ. ಅವನ ದೊಡ್ಡ ಮಗಳು ಮಾರ್ಲಿಸ್ ತಟ್ಟೆ ತಂದಿಟ್ಲು. ಮಾತಾಡ್ಬಾರ್ದಲ್ಲ, ಆದ್ರೂ ಕಿವಿ ಹತ್ರ ಬಗ್ಗಿ 'ಇನ್ನೊಂದು ಹಾಕ್ಲಾ' ಅಂದ್ಲು. ನಾನು ಹೂಂ ಅಂದೆ. ಒಂಬತ್ತು ತಿಂದೆ ಅವತ್ತು. ಮುಂದಿನ ಜೂನಲ್ಲಿ ಮದುವೆ ಆಯ್ತು."

(ಷರಾ: ನಿಯಮೋಲ್ಲಂಘನೆಯನ್ನು ಗಮನಿಸಲಾಗಿದೆ. ಘಟನೆ ನಡೆದು ನಲವತ್ತೆರಡನೆಯ ವರ್ಷ ನಡೆಯುತ್ತಿರುವುದರಿಂದ ಕ್ರಮ ಜರುಗಿಸಲು ಬರುವುದಿಲ್ಲ.)

"ಮಾರ್ಲಿಸ್ ಹೋಗಿ ಎರಡು ವರ್ಷ ಆಯ್ತು. ಲೋರ್ನಾ ಅವಳ ತಂಗಿ, ಈಗ ಅಲ್ಲಿ ಅಪ್ಪನ ಕೆಲಸ ಅವಳೇ ನೋಡ್ಕೋತಾಳೆ. ನಮ್ಮಿಬ್ಬರಿಗೂ ಫೋನಲ್ಲಿ ಮಾತಾಡೋಕೆ ಬರಲ್ಲ. ಹಲೋ ಅಂತೀವಿ, ಆಮೇಲೆ ಏನು ಅಂತ ಇಬ್ಬರಿಗೂ ಗೊತ್ತಾಗಲ್ಲ. ಆದ್ರೆ ಆ ಭಾನುವಾರ ಇದೆಯಲ್ಲ, ಸೋತೋರು ಹೋಗ್ಲೇಬೇಕು, ಗೆದ್ದೋರು ಬಡಿಸ್ಲೇಬೇಕು. ನೆಪ ಹುಡುಕಬೇಕಾಗಿಲ್ಲ. ಅದೂ ಹೋದ್ರೆ, ಮಾರ್ಲಿಸ್‌ನ ಗೊತ್ತಿದ್ದವರ ಜೊತೆ ಒಂದು ಮೇಜಲ್ಲಿ ಕೂತು ತಿನ್ನೋಕೆ ನಂಗೆ ಯಾರೂ ಉಳಿಯಲ್ಲ. ಬರ್ಕೊಂಡ್ರಾ? ಯಂತ್ರ ಶುರು ಮಾಡ್ಲಾ?"

ಹಾಗಿದ್ದಲ್ಲಿ ನಮೂನೆಯಲ್ಲಿ ಟ್ರೂಸ್ಡೇಲ್ ಎಂದು ಬರೆಯಲು ಏನು ಅಡ್ಡಿಯಿತ್ತೆಂದು ಕೇಳಲಾಗಿ, "ನೀವು ಆ ಪದಾನ ನನ್ನ ಹುಲ್ಲಿನ ಮೇಲೆ ನಿಂತು ಹೇಳ್ಬೇಡಿ. ನಮ್ಮ ಮದುವೆ ಕಾಗದದಲ್ಲೇ ಅವಳ ಊರಿನ ಜಾಗ ಖಾಲಿ ಬಿಟ್ಟಿದ್ವಿ. ಹೆಂಡತಿಗೋಸ್ಕರ ಬರೀದಿದ್ದೋನು ನಿಮ್ಮ ಕಾಗದಕ್ಕೋಸ್ಕರ ಬರೀತೀನಾ?" ಎಂದು ಉತ್ತರಿಸಿರುತ್ತಾರೆ.

ಅದೇ ದಿನ ಮಧ್ಯಾಹ್ನ ಸೇತುವೆಯಾಚೆ ಶ್ರೀಮತಿ ಬ್ರಾಂಡ್‌ವೋಲ್ಡ್ (೫೮) ಅವರ ಹೇಳಿಕೆಯನ್ನೂ ಪಡೆಯಲಾಯಿತು:

"ಭಾವ ಏನಂದ್ರು? ಅತ್ತುಬಿಟ್ರಾ? ಇಲ್ವಾ, ಸರಿ. ಅವರ ಮೈದಾನದ ಹುಲ್ಲು ನೋಡಿದ್ರಾ, ದನ ಕೂಡ ಮೂಸಲ್ಲ. ಬರ್ಕೊಳ್ಳಿ, ಅದನ್ನೂ ಬರ್ಕೊಳ್ಳಿ. ನಂಗೆ ಪಂದ್ಯ ಬೇಕು. ಹೆಸರು ಮಾತ್ರ ಬರೆಯಲ್ಲ. ಬರೆದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬಂದು ಬೈತಾನೆ. ಕಳೆದ ವರ್ಷ ಭಾವ ಸೋತು ಬಂದಾಗ ಮಾತಾಡದೆ ಒಂದೂವರೆ ಗಂಟೆ ಕೂತಿದ್ವಿ. ಅಕ್ಕ ತೀರಿಕೊಂಡ ಮೇಲೆ ನಂಗೆ ಮನಸ್ಸು ಹಗುರಾಗಿದ್ದು ಅವತ್ತೇ. ಇದನ್ನ ಅವರಿಗೆ ಹೇಳೋಕೆ ಹೋಗ್ಬೇಡಿ, ತಲೆ ಮೇಲೆ ಕೂತ್ಕೋತಾರೆ."

ಎರಡೂ ಹೇಳಿಕೆಗಳನ್ನು ಪರಿಶೀಲಿಸಿದ ಶಾಖೆಯು, ಕೊನೆಯ ಅವಕಾಶವಾಗಿ ನಮೂನೆ ೯-ಸಿಯನ್ನು ಜಾರಿಗೊಳಿಸಿತು. ಇದರನ್ವಯ ಎದುರಾಳಿ ಕಾಲೇಜಿನ ಹೆಸರನ್ನು ಕೈಬರಹದಲ್ಲಿ, ನೀಲಿ ಅಥವಾ ಕಪ್ಪು ಮಸಿಯಲ್ಲಿ, ಪೂರ್ಣವಾಗಿ ಬರೆಯತಕ್ಕದ್ದು. "ಅವರು", "ಗೊತ್ತಲ್ಲ", "ಆ ಜನ" ಇತ್ಯಾದಿಗಳನ್ನು ಹೆಸರೆಂದು ಪರಿಗಣಿಸಲಾಗುವುದಿಲ್ಲ. ಆಡಿನ ಚಿತ್ರವನ್ನೂ ಪರಿಗಣಿಸಲಾಗುವುದಿಲ್ಲ. ಮೈದಾನಪಾಲಕರು ಜೂನ್ ೧೪, ಶುಕ್ರವಾರ ಸಂಜೆ ಐದರೊಳಗೆ ಒಮಾಹಾ ಕಚೇರಿಗೆ ಖುದ್ದಾಗಿ ಬಂದು ಸಹಿ ಮಾಡಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಪಂದ್ಯವು ಶಾಶ್ವತವಾಗಿ ರದ್ದಾಗುವುದೆಂದು ಸ್ಪಷ್ಟಪಡಿಸಲಾಗಿತ್ತು.

ಜೂನ್ ೧೪ರ ನಡಾವಳಿ:

ಶ್ರೀ ಟೆಸ್ಕೆ ಬೆಳಿಗ್ಗೆ ೧೦.೧೫ಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸ್ವಂತ ಪೆನ್ನು ಮತ್ತು ಕಾಗದದಲ್ಲಿ ಸುತ್ತಿದ ಸ್ಯಾಂಡ್‌ವಿಚ್ ಸಮೇತ ಹಾಜರಾದರು. ಸಹಿಯನ್ನು ಕೂಡಲೇ ಹಾಕಿದರು. ೧೧.೪೦ಕ್ಕೆ ಹೆಸರಿನ ಮೊದಲ ಅಕ್ಷರವನ್ನು ಬರೆದು, ತಾವೇ ಹೊಡೆದುಹಾಕಿದರು. ಹೊಸ ನಮೂನೆ ಒದಗಿಸಲಾಗಿ, ಅದಕ್ಕೂ ಸಹಿ ಹಾಕಿದರು. ೧.೨೦ಕ್ಕೆ ಎಡಗೈಯಲ್ಲಿ ಬರೆಯಲು ಪ್ರಯತ್ನಿಸಿದರು. ೨.೩೦ಕ್ಕೆ, ಕಣ್ಣು ಮುಚ್ಚಿಕೊಂಡು ಬರೆಯಬಹುದೇ ಎಂದು ವಿಚಾರಿಸಿದರು. ನಿಯಮದಲ್ಲಿ ನಿಷೇಧವಿಲ್ಲದ ಕಾರಣ ಅನುಮತಿಸಲಾಗಿ, ಕಾಗದ ತಪ್ಪಿ ಮೇಜಿನ ಮೇಲೆ ಬರೆದರು. ಅದೂ ಓದಲು ಬರುವಂತಿರಲಿಲ್ಲ. ಸ್ಯಾಂಡ್‌ವಿಚ್ಚನ್ನು ಮುಟ್ಟಿರಲಿಲ್ಲ. ಮೂರು ಗಂಟೆಯ ನಂತರ ಅವರು ಗಡಿಯಾರವನ್ನಷ್ಟೇ ನೋಡುತ್ತಿದ್ದರೆಂದು ಸ್ವಾಗತ ಮೇಜಿನ ಶ್ರೀಮತಿ ಪಾಲೆಟ್ ಒಡೆಗಾರ್ಡ್ ವರದಿ ಮಾಡಿರುತ್ತಾರೆ.

ಶ್ರೀಮತಿ ಬ್ರಾಂಡ್‌ವೋಲ್ಡ್ ಹೆದ್ದಾರಿಯಲ್ಲಿ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿಹಾಕಿಕೊಂಡು ೩.೫೦ಕ್ಕೆ ಬಂದರು. ಬಂದವರೇ ಸಹಿ ಹಾಕಿ, ಮುಂದಕ್ಕೆ ಬರೆಯಲಾರದೆ, ಮೇಜಿನ ಇನ್ನೊಂದು ತುದಿಯಲ್ಲಿ ಕೂತರು. ಕಚೇರಿಯ ಆವರಣದಲ್ಲಿ ಆಡುವ ಪ್ರತಿ ಮೂದಲಿಕೆಯನ್ನೂ ದಾಖಲೆ ಪುಸ್ತಕದಲ್ಲಿ ಬರೆದಿಡತಕ್ಕದ್ದೆಂಬ ನಿಯಮವಿರುವುದರಿಂದ ಶ್ರೀಮತಿ ಒಡೆಗಾರ್ಡ್ ಬರೆದುಕೊಂಡದ್ದು ಇಷ್ಟು:

ಲೋರ್ನಾ: "ಬೆಳಿಗ್ಗೆಯಿಂದ ಕೂತಿದೀರಂತೆ ಭಾವ. ಮೊದಲನೇ ಅಕ್ಷರ ಆದ್ರೂ ಬಂತಾ?"

ಆರ್ವಿಲ್: "ನೀನು ಬರೆದು ತೋರ್ಸು, ಆಮೇಲೆ ನಗುವಂತೆ."

ಲೋರ್ನಾ: "ನಮ್ಮ ಹೆಸರು ಏನು ಅಷ್ಟು ಕಷ್ಟ? ನಮ್ಮೂರಲ್ಲಿ ಒಂದನೇ ಕ್ಲಾಸಿನ ಮಕ್ಕಳು ಬರೀತಾರೆ. ನಿಮಗೆ ಓದು ಬರಹ ಹತ್ತಲ್ಲ ಅಂತ ಅಪ್ಪ ಹೇಳ್ತಾನೇ ಇದ್ದ."

ಆರ್ವಿಲ್: "ಅಷ್ಟು ಸುಲಭ ಆದ್ರೆ ನೀನೇ ಬರಿ."

(ಶ್ರೀಮತಿ ಬ್ರಾಂಡ್‌ವೋಲ್ಡ್ ಗಡಿಯಾರ ನೋಡಿದರು. ಸಮಯ ೪.೪೫.)

ಲೋರ್ನಾ: "ಆ ಕಾಗದ ಇತ್ತ ತಳ್ಳಿ."

ಶ್ರೀ ಟೆಸ್ಕೆ ತಮ್ಮ ನಮೂನೆಯನ್ನು ಮೇಜಿನ ಮೇಲೆ ಆಚೆಗೆ ಜಾರಿಸಿದರು. ಶ್ರೀಮತಿ ಬ್ರಾಂಡ್‌ವೋಲ್ಡ್ ತಮ್ಮದನ್ನು ಈಚೆಗೆ ಜಾರಿಸಿದರು. ಆಕೆ ಅವರ ನಮೂನೆಯಲ್ಲಿ "ಟ್ರೂಸ್ಡೇಲ್ ಕಾಲೇಜು" ಎಂದು ಬಾಲ ಎಳೆದು ಅಂದವಾಗಿ ಬರೆದರು. ಅವರು ಆಕೆಯ ನಮೂನೆಯಲ್ಲಿ "ಡೆನ್ಬೋ ಕಾಲೇಜು" ಎಂದು ಗಟ್ಟಿಯಾಗಿ ಒತ್ತಿ ಬರೆದು, ಕೆಳಗೆ ಎರಡು ಗೆರೆ ಎಳೆದರು. ೪.೫೨ಕ್ಕೆ ಎರಡೂ ನಮೂನೆಗಳು ಸ್ವೀಕೃತವಾದವು. ಇಬ್ಬರಲ್ಲಿ ಯಾರೂ ಬರೆಯಬಾರದ್ದನ್ನು ಬರೆದಿರಲಿಲ್ಲ.

ಕೈಬರಹದಲ್ಲಿ ಬರೆಯತಕ್ಕದ್ದೆಂದು ಹೇಳಿದ ಶಾಖೆಗೆ, ಯಾರ ಕೈ ಎಂದು ಹೇಳಬೇಕೆಂಬುದು ತೋಚಿರಲಿಲ್ಲ. ಕಾನೂನು ಸಲಹೆಗಾರರು ನಾಲ್ಕು ಪುಟಗಳ ಅಭಿಪ್ರಾಯ ನೀಡಿದ್ದು, ಅದರ ಸಾರಾಂಶ "ಏನೂ ಮಾಡಲಾಗುವುದಿಲ್ಲ" ಎಂಬುದಾಗಿದೆ.

ಆನಂತರ ಶ್ರೀ ಟೆಸ್ಕೆ "ಊಟ ಆಯ್ತಾ?" ಎಂದು ಕೇಳಿದರು. ಶ್ರೀಮತಿ ಬ್ರಾಂಡ್‌ವೋಲ್ಡ್ "ಎಲ್ಲಿ, ಟ್ರ್ಯಾಕ್ಟರ್ ಹಿಂದೆ ಊಟ ಕೊಡ್ತಾರಾ?" ಎಂದರು. ಸ್ಯಾಂಡ್‌ವಿಚ್ಚನ್ನು ಎರಡು ಮಾಡಲಾಯಿತು. ಒಂದು ತುತ್ತು ತಿಂದು ಆಕೆ "ಸಾಸಿವೆ ಇಷ್ಟೊಂದು ಮೆತ್ತೋದು ಅಕ್ಕನೇ ಅಲ್ವಾ ಕಲಿಸಿದ್ದು" ಎಂದರು. ಅವರು ಹೂಂ ಎಂದರು. ದಾಖಲೆ ಪುಸ್ತಕದಲ್ಲಿ ಇದರ ಮುಂದೆ ಏನೂ ಇರುವುದಿಲ್ಲ. ಐದಕ್ಕೆ ಮುಚ್ಚಬೇಕಾದ ಕಚೇರಿಯನ್ನು ಅಂದು ಐದು ನಲವತ್ತಕ್ಕೆ ಮುಚ್ಚಿದ್ದೇಕೆ ಮತ್ತು ಬರೆಯುವುದನ್ನು ನಿಲ್ಲಿಸಿದ್ದೇಕೆ ಎಂದು ಶ್ರೀಮತಿ ಒಡೆಗಾರ್ಡ್ ಅವರಿಂದ ವಿವರಣೆ ಕೇಳಲಾಗಿ, "ಅದು ಮೂದಲಿಕೆ ಆಗಿರ್ಲಿಲ್ಲ ಮೇಡಂ" ಎಂದು ಉತ್ತರಿಸಿರುತ್ತಾರೆ. ವಿವರಣೆಯನ್ನು ಒಪ್ಪಲಾಗಿದೆ.

ಆದೇಶ:

ಮೇಲ್ಕಂಡ ಸಂಗತಿಗಳ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ ಏನೆಂದರೆ:

೧. ಡೆನ್ಬೋ ಮತ್ತು ಟ್ರೂಸ್ಡೇಲ್ ನಡುವಿನ ಪಂದ್ಯವು ನವೆಂಬರ್ ೨೩, ಶನಿವಾರ ಎಂದಿನಂತೆ ನಡೆಯತಕ್ಕದ್ದು. ಕ್ಯಾನನ್ನು ಹೊತ್ತೇ ಒಯ್ಯತಕ್ಕದ್ದು. ಪಾರ್ಸೆಲ್ ನಿಯಮವನ್ನು ಹಿಂಪಡೆಯಲಾಗಿದೆ.

೨. ಕಳೆದ ಏಳು ವಾರಗಳಲ್ಲಿ ಸಾಲ್ಟ್ ಹಾರ್ಬರ್ ಮತ್ತು ಪೆಲಿಕನ್ ಪಾಯಿಂಟ್ ಮೇಲೆ ಶೇಖರಣೆಯಾದ ದ್ವೇಷವನ್ನು ಯಾರೂ ಸ್ವಂತಕ್ಕೆ ಬಳಸಕೂಡದು. ಅದನ್ನು ಶಾಖೆಗೆ ಒಪ್ಪಿಸಿ ರಸೀದಿ ಪಡೆಯತಕ್ಕದ್ದು. ಸದರಿ ಎರಡು ಸಂಸ್ಥೆಗಳು ಇನ್ನು ಮುಂದೆ ಒಂದನ್ನೊಂದು ದ್ವೇಷಿಸತಕ್ಕದ್ದು. ಅವುಗಳ ನಡುವೆ ಒಂದು ಖಂಡವೇ ಇರುವುದು ವಿನಾಯಿತಿಗೆ ಕಾರಣವಾಗುವುದಿಲ್ಲ.

೩. ಈ ಸುತ್ತೋಲೆಯನ್ನು ಮೂರು ಬಗೆಯಲ್ಲಿ ಮುದ್ರಿಸಲಾಗುವುದು. ಡೆನ್ಬೋಗೆ ಹೋಗುವ ಪ್ರತಿಯಲ್ಲಿ ಟ್ರೂಸ್ಡೇಲ್ ಎಂಬಲ್ಲೆಲ್ಲ ಕಪ್ಪು ಬಳಿಯತಕ್ಕದ್ದು. ಟ್ರೂಸ್ಡೇಲ್‌ಗೆ ಹೋಗುವುದರಲ್ಲಿ ಡೆನ್ಬೋ ಎಂಬಲ್ಲೆಲ್ಲ ಬಳಿಯತಕ್ಕದ್ದು. ಸೇತುವೆಯ ಮಧ್ಯದ ಫಲಕಕ್ಕೆ ಅಂಟಿಸುವ ಪ್ರತಿಯಲ್ಲಿ ಎರಡಕ್ಕೂ ಬಳಿಯತಕ್ಕದ್ದಾಗಿದ್ದು, ಅದರ ಅಂಶ ೧ರಲ್ಲಿ "ಮತ್ತು" ಎಂಬವರ ನಡುವೆ ಪಂದ್ಯ ನಡೆಯುವುದೆಂದು ಸಾರ್ವಜನಿಕರು ತಿಳಿದುಕೊಳ್ಳತಕ್ಕದ್ದು.

೪. ಕಚೇರಿಯ ಮೇಜಿನ ಮೇಲೆ ಶ್ರೀ ಟೆಸ್ಕೆ ಕಣ್ಣು ಮುಚ್ಚಿ ಬರೆದದ್ದನ್ನು ಅಳಿಸಲು ಮೂರು ಬಗೆಯ ದ್ರಾವಣ ಬಳಸಿದರೂ ಹೋಗಿರುವುದಿಲ್ಲ. ಅದು ಹೆಸರಲ್ಲವೆಂದು ಅವರೂ, ಹೆಸರೇ ಎಂದು ಶ್ರೀಮತಿ ಬ್ರಾಂಡ್‌ವೋಲ್ಡ್ ಅವರೂ ವಾದಿಸಿದ್ದು, ತೀರ್ಮಾನವಾಗುವವರೆಗೆ ಮೇಜಿಗೆ ಬಟ್ಟೆ ಹೊದಿಸತಕ್ಕದ್ದು.

೫. ನಮೂನೆ ೯-ಸಿಯ ಸಿಂಧುತ್ವ ಒಂದು ವರ್ಷ ಮಾತ್ರ. ಶಾಖೆಯ ಕಣ್ಣಿಗೆ ಮಣ್ಣೆರಚಿದ ಇಬ್ಬರಿಗೂ ತಕ್ಕ ಶಿಕ್ಷೆಯಾಗುವುದು ಅಗತ್ಯವೆಂದು ಭಾವಿಸಿ, ಇನ್ನು ಮುಂದೆ ಇಬ್ಬರೂ ಪ್ರತಿವರ್ಷ ಜೂನ್ ತಿಂಗಳ ಎರಡನೆಯ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಒಮಾಹಾ ಕಚೇರಿಗೆ ಖುದ್ದಾಗಿ ಬಂದು, ಒಂದೇ ಮೇಜಿನಲ್ಲಿ ಎದುರುಬದುರು ಕೂತು, ಸಂಜೆ ಐದರವರೆಗೆ ನಮೂನೆ ತುಂಬತಕ್ಕದ್ದೆಂದು ಆದೇಶಿಸಲಾಗಿದೆ. ಬೇಗ ಮುಗಿದರೂ ಏಳಕೂಡದು. ಮಾತಾಡಲು ನಿರ್ಬಂಧವಿರುವುದಿಲ್ಲ. ಈ ಅಂಶವನ್ನು ದೂರವಾಣಿಯಲ್ಲಿ ಓದಿ ಹೇಳಿದಾಗ ಶ್ರೀ ಟೆಸ್ಕೆ, ಎರಡೂವರೆ ಗಂಟೆಯ ದಾರಿಯೆಂದೂ, ತಮ್ಮ ವಯಸ್ಸಿಗೆ ಇದು ಶುದ್ಧ ಅನ್ಯಾಯವೆಂದೂ ತೀವ್ರವಾಗಿ ಪ್ರತಿಭಟಿಸಿ, ದಿನಾಂಕವನ್ನು ಎರಡು ಸಲ ಕೇಳಿ ಬರೆದುಕೊಂಡರು. ಆಕ್ಷೇಪಣೆಯನ್ನು ತಳ್ಳಿಹಾಕಲಾಗಿದೆ.

(ಸಹಿ)
ಹೆರಿಯೆಟ್ ಕ್ಲೂಗ್
ಉಪ ಕಾರ್ಯದರ್ಶಿ
ವೇಳಾಪಟ್ಟಿ ಹಾಗೂ ಹಗೆತನ ಸಂರಕ್ಷಣಾ ಶಾಖೆ

ಪ್ರತಿಗಳು:
೧. ಮೈದಾನಪಾಲಕರು, ಡೆನ್ಬೋ ಕಾಲೇಜು (ಕಪ್ಪು ಬಳಿದ ಪ್ರತಿ).
೨. ಮೈದಾನಪಾಲಕಿ, ಇನ್ನೊಂದು ಕಾಲೇಜು (ಕಪ್ಪು ಬಳಿದ ಪ್ರತಿ).
೩. ಸಾಲ್ಟ್ ಹಾರ್ಬರ್ ವಿಶ್ವವಿದ್ಯಾಲಯ, ಕಡಲಸಿಂಹದ ಕಾವಲನ್ನು ಸಡಿಲಿಸಬಹುದೆಂಬ ಸೂಚನೆಯೊಂದಿಗೆ.
೪. ಟೆಲಿವಿಷನ್ ಕಂಪನಿಯವರಿಗೆ, ಮಾಹಿತಿಗಾಗಿ. ಅಭಿಪ್ರಾಯ ತಿಳಿಸಬೇಕಾಗಿಲ್ಲ.
೫. ಕಚೇರಿ ಕಡತ.
೬. ಶ್ರೀಮತಿ ಪಾಲೆಟ್ ಒಡೆಗಾರ್ಡ್, ಸ್ವಾಗತ ಮೇಜು: ೨೦೨೫ರ ಜೂನ್ ೧೩ರಂದು ಎರಡು ಕುರ್ಚಿ ಹಾಕಿಸಿ, ದಾಖಲೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕತಕ್ಕದ್ದು.